ಮಧ್ಯವರ್ತಿಗಳು ಕ್ಷಮಿಸಿ

ಇಳಿತದ ಎಂಟನೆಯ ವರ್ಷ, ಮಾಘ ಬಹುಳ ಪಂಚಮಿ. ನಿಮ್ಮ ಎಣಿಕೆಯಲ್ಲಿ ಎರಡು ಸಾವಿರದ ನೂರಾ ಎಪ್ಪತ್ತಮೂರನೆಯ ಇಸವಿ. ಸಂಜೆ ಐದೂವರೆ ಗಂಟೆ. ಬೆಳಿಗ್ಗೆ ನಮ್ಮವರ ಟ್ರಂಕು ತೆಗೆದು ಅವರು ಹೊದೆಯುತ್ತಿದ್ದ ಕೌದಿಯನ್ನು ಬಿಸಿಲಿಗೆ ಹಾಕಿದೆ. ಮಧ್ಯಾಹ್ನ ಒಂಬತ್ತನೆಯ ಮಹಡಿಗೆ ಜಗಳಕ್ಕೆ ಹೋದವಳು ಜಗಳ ಆಡದೆ ಬಂದೆ. ನಾಲ್ಕಕ್ಕೆ ನೆರಳು ಕಚೇರಿಯ ಹುಡುಗಿ ಬಂದು ನಾಳೆಯ ಮಾತು ನೆನಪಿಸಿ ಹೋದಳು.

ಬೋರ್ಡು ಬರೆದವರಿಗೆ ನಮಸ್ಕಾರ. ನನ್ನ ಮಾತುಗಳು ವಿಚಿತ್ರ ಎನಿಸಿದರೆ ಮನ್ನಿಸಬೇಕು. ನಾನು ಏಳನೆಯ ಇಯತ್ತೆಯವರೆಗೆ ಕಲಿತವಳು. ದಿನಚರಿ ಬರೆಯುವ ರೂಢಿಯೊಂದಿದೆ, ಅದೂ ದಿನಕ್ಕೆ ನಾಲ್ಕು ಸಾಲು. ಇಷ್ಟು ಉದ್ದದ ಕಾಗದವನ್ನು ಯಾರಿಗೂ ಬರೆದಿಲ್ಲ. ನಿಮ್ಮ ಹೆಸರು ನನಗೆ ಗೊತ್ತಿಲ್ಲ, ನೀವು ಗಂಡಸೋ ಹೆಂಗಸೋ ಅದೂ ಗೊತ್ತಿಲ್ಲ. ನಿಮ್ಮ ಅಕ್ಷರ ಮಾತ್ರ ಗೊತ್ತು. ದುಂಡಗಿದೆ, ‘ಳ’ದ ಬಾಲ ಸ್ವಲ್ಪ ಉದ್ದ.

ನಮ್ಮ ಎದುರಿನ ಗೋಪುರವನ್ನು ಇಳಿಸಿದಾಗ ಪಾಯದ ಮಣ್ಣಿನಲ್ಲಿ ನಿಮ್ಮ ತಗಡಿನ ಬೋರ್ಡು ಸಿಕ್ಕಿತು. ಇಳಿಸುವುದು ಎಂದರೆ ಏನೆಂದು ಹೇಳಬೇಕು. ನೂರಾ ನಲವತ್ತು ವರ್ಷ ತುಂಬಿದ ಗೋಪುರದಲ್ಲಿ ಮನುಷ್ಯರು ಇರಬಾರದು ಎಂದು ಕಾಯ್ದೆ ಇದೆ. ತುಂಬಿದ ಮೇಲೆ ತುದಿಯಿಂದ ಒಂದೊಂದೇ ಮಹಡಿಯನ್ನು ಬಿಚ್ಚಿ ಕೆಳಗೆ ತರುತ್ತಾರೆ. ಹುಬ್ಬಳ್ಳಿಯಲ್ಲಿ ಮೊದಲ ಗೋಪುರ ಇಳಿದ ವರ್ಷದಿಂದ ನಾವು ವರ್ಷ ಎಣಿಸುತ್ತೇವೆ. ಬೋರ್ಡನ್ನು ತೊಳೆದು ಗೇಟಿನ ಹತ್ತಿರ ನಿಲ್ಲಿಸಿದ್ದಾರೆ. ‘ಹೊಸ ರೂಪ ಪಡೆದ ಗಿರಣಿ ಚಾಳದಲ್ಲಿ ವಸತಿ ಗೋಪುರಕ್ಕೆ ಯೋಗ್ಯವಾದ ಜಾಗ ಮಾರಾಟಕ್ಕಿದೆ. ಮೂರು ಕಡೆ ರಸ್ತೆ. ಗಾಳಿ ಬೆಳಕು ಧಾರಾಳ. ಮಧ್ಯವರ್ತಿಗಳು ಕ್ಷಮಿಸಿ.’ ನೀವು ಬರೆದದ್ದು ಇಷ್ಟು. ಹೋಗುವಾಗ ಬರುವಾಗ ನಾನು ಇದನ್ನು ಓದುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ, ಈ ಕಾಗದವನ್ನು ಹೊಟ್ಟೆಕಿಚ್ಚಿನಿಂದ ಬರೆಯುತ್ತಿದ್ದೇನೆ. ಧಾರಾಳ ಎಂಬ ಮಾತನ್ನು ನಾವು ಕೈಗೆ ಹೇಳುತ್ತೇವೆ, ಅವಳದು ಧಾರಾಳ ಕೈ ಎನ್ನುತ್ತೇವೆ. ಬೆಳಕಿಗೆ ಆ ಮಾತು ಹೇಳಿದ್ದನ್ನು ನನ್ನ ಐವತ್ತಾರು ವರ್ಷದಲ್ಲಿ ಕೇಳಿರಲಿಲ್ಲ. ನೀವು ಖಾಲಿ ಜಾಗದಲ್ಲಿ ನಿಂತು, ತಲೆಯ ಮೇಲೆ ಅಷ್ಟು ಬಿಸಿಲು ಸುರಿಯುತ್ತಿರುವಾಗ, ಮೂರು ಕಡೆ ರಸ್ತೆ ಎಂದು ಬರೆದಷ್ಟೇ ಸಲೀಸಾಗಿ ಅದನ್ನು ಬರೆದಿರಿ. ಸೆಖೆ ಎಂದು ಬೈದುಕೊಂಡೂ ಇರಬಹುದು.

ನಮ್ಮಲ್ಲಿ ಬಿಸಿಲಿಗೆ ಪಾಳಿ ಇದೆ. ಗೋಪುರಗಳು ಒಂದರ ಬೆನ್ನಿಗೆ ಒಂದು ನಿಂತಿರುವುದರಿಂದ ಕಿಟಕಿಗೆ ಬಿಸಿಲು ಬರುವುದಿಲ್ಲ. ಗೋಪುರದ ನಡುವೆ ಬಾವಿಯಂಥ ಟೊಳ್ಳು ಇರುತ್ತದೆ. ಮಾಳಿಗೆಯ ಮೇಲಿನ ಕನ್ನಡಿಗಳು ಆ ಬಾವಿಯೊಳಗೆ ಬಿಸಿಲನ್ನು ಇಳಿಸುತ್ತವೆ, ಮನೆ ಮನೆಯ ಒಳಕಿಟಕಿಗೆ ದಿನಕ್ಕೆ ಹನ್ನೆರಡು ನಿಮಿಷ. ಆ ಹೊತ್ತಿಗೆ ಒಲೆಯ ಮೇಲೆ ಏನಿದ್ದರೂ ಇಳಿಸಿ ಕಿಟಕಿಗೆ ಹೋಗುತ್ತೇವೆ. ಕೂಸಿದ್ದ ಮನೆಯಲ್ಲಿ ಕೂಸನ್ನು ಎತ್ತಿ ಹಿಡಿಯುತ್ತಾರೆ, ಮುದುಕರಿದ್ದ ಮನೆಯಲ್ಲಿ ಮೊಣಕಾಲು ಚಾಚಿ ಕೂಡಿಸುತ್ತಾರೆ. ಮನೆಯಲ್ಲಿ ಐದು ಜನ ಇದ್ದರೆ ಕಿಟಕಿಯ ಮುಂದೆ ಒಬ್ಬರನ್ನೊಬ್ಬರು ನೂಕುವುದೂ ಉಂಟು. ಹೀಗೆ ಎರಡು ಗೋಪುರಗಳ ನಡುವೆ ಕೆಳಗಿನ ಮಹಡಿಗಳಲ್ಲಿ ಬದುಕುವ ನಮ್ಮನ್ನು ಮಧ್ಯವರ್ತಿಗಳು ಎನ್ನುತ್ತಾರೆ. ನೂರಾ ನಲವತ್ತು ವರ್ಷದ ಹಿಂದೆಯೇ ನಮ್ಮನ್ನು ನೆನೆದು ಕ್ಷಮೆ ಕೇಳಿದವರು ನೀವೊಬ್ಬರು. ನಮ್ಮ ಶಾಲೆಯ ಮಾಸ್ತರರು ಅದು ದಲ್ಲಾಳಿಗಳಿಗೆ ಹೇಳಿದ ಮಾತು ಎನ್ನುತ್ತಾರೆ. ಜಾಗ ಮಾರುವವರು ದಲ್ಲಾಳಿಗಳ ಕ್ಷಮೆ ಯಾಕೆ ಕೇಳುತ್ತಾರೆ? ನಾನು ನಂಬಲಿಲ್ಲ.

ನಮ್ಮವರು, ಅಂದಾನಪ್ಪನವರು, ಈ ಗೋಪುರದ ಕನ್ನಡಿಯವರು. ಮೂವತ್ತೊಂದು ವರ್ಷ ಮಾಳಿಗೆಯ ಮೇಲೆ ನಿಂತು ಕನ್ನಡಿ ತಿರುಗಿಸಿದರು. ನಮ್ಮದು ಎರಡನೆಯ ಮಹಡಿ. ಮಾಳಿಗೆಯ ಮನುಷ್ಯನ ಮನೆಯೆಂದು ನಮಗೆ ಒಂದು ನಿಮಿಷವೂ ಜಾಸ್ತಿ ಬರಲಿಲ್ಲ. ಬದಲಿಗೆ ನನ್ನ ಪಾಳಿ ಬೇಗ ಮುಗಿಯುತ್ತದೆ ಎಂದು ನನಗೆ ಅನುಮಾನ. ಒಮ್ಮೆ ಕೇಳಿದೆ. “ನಿನ್ನ ಗಡಿಯಾರ ಮುಂದ ಓಡಾಕತ್ತೈತಿ, ಇಂದೂ,” ಎಂದರು. ಒಂಬತ್ತನೆಯ ಮಹಡಿಯ ರೇಣವ್ವನ ಕಿಟಕಿಯಲ್ಲಿ ಮಾತ್ರ ಬಿಸಿಲು ಆರಾಮಾಗಿ ಕೂತಿರುತ್ತಿತ್ತು. ಲಿಫ್ಟಿನಲ್ಲಿ ಹೆಂಗಸರು ನನಗೆ ಕೇಳುವಂತೆಯೇ ಹೇಳುತ್ತಿದ್ದರು, “ಕನ್ನಡಿ ತಿರಗಸಾವ್ನ ಕಣ್ಣ ಒಂಬತ್ತರ ಮ್ಯಾಲೇ ಐತಿ ಬಿಡ.” ರೇಣವ್ವ ನನಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳು, ಆಗಲೇ ಎರಡು ಹಲ್ಲು ಹೋಗಿದ್ದವು. ಆದರೂ ನನಗೆ ಕಿಚ್ಚು. ಅವಳು ಪ್ರತಿ ಯುಗಾದಿಗೆ ಒಂದು ಡಬ್ಬಿ ಸಂಡಿಗೆ ಕಳಿಸುತ್ತಿದ್ದಳು. ನಾನು ಕರಿದು ಇವರಿಗೆ ಬಡಿಸುತ್ತಿದ್ದೆ, ನಾನು ಮುಟ್ಟುತ್ತಿರಲಿಲ್ಲ.

ನಾಳೆಗೆ ಅವರು ಹೋಗಿ ಒಂದು ವರ್ಷ. ಕನ್ನಡಿ ಒರೆಸುತ್ತಿದ್ದವರು ಅಲ್ಲೇ ಕುಳಿತರಂತೆ, ಮೇಲೇಳಲಿಲ್ಲ. ಅವರ ಬದಲಿಗೆ ಕನ್ನಡಿಗಳಿಗೆ ಮೋಟಾರು ಹಾಕಿದರು. ಆ ಮೊದಲ ದಿನಗಳಲ್ಲಿ ನನ್ನ ಒಳಕಿಟಕಿಯಲ್ಲಿ ಬಿಸಿಲು ಸ್ವಲ್ಪ ಹೆಚ್ಚು ಹೊತ್ತು ನಿಂತಂತೆ ಕಾಣುತ್ತಿತ್ತು. ದುಃಖದಲ್ಲಿ ಹೊತ್ತು ಬೇಗ ಹೋಗುವುದಿಲ್ಲವಲ್ಲ, ಅದಕ್ಕೆ ಎಂದುಕೊಂಡೆ.

ಅವರು ಹೋಗಿ ಹನ್ನೆರಡನೆಯ ದಿನಕ್ಕೆ ಎದುರಿನ ಗೋಪುರದ ಕೊನೆಯ ಮಹಡಿ ಇಳಿಯಿತು. ಹದಿಮೂರನೆಯ ದಿನ ಬೆಳಿಗ್ಗೆ ಎಂಟೂ ಹತ್ತಕ್ಕೆ ನನ್ನ ಅಡುಗೆಮನೆಯ ಹೊರಕಿಟಕಿಯಿಂದ ಬಿಸಿಲು ಬಂತು. ಕನ್ನಡಿಯದಲ್ಲ, ನೇರ ಸೂರ್ಯನದು. ಬೆಂಕಿ ಬಿದ್ದಿತೆಂದು ನೀರಿನ ಕೊಡ ಹಿಡಿದು ನಿಂತಿದ್ದೆ. ಅದು ಒಂಬತ್ತೂ ಐವತ್ತರವರೆಗೆ ಇತ್ತು. ಹಿಟ್ಟಿನ ಡಬ್ಬಿಯ ಮೇಲೆ ಎಷ್ಟು ಧೂಳು ಕೂತಿತ್ತು ಎಂದು ಆವತ್ತೇ ಗೊತ್ತಾಯಿತು. ಮೂವತ್ತೊಂದು ವರ್ಷ ಊರಿಗೆಲ್ಲ ಬಿಸಿಲು ಅಳೆದು ಹಂಚಿದ ಮನುಷ್ಯ ಆ ನೂರು ನಿಮಿಷ ನೋಡಲಿಲ್ಲ.

ಇಳಿಸಿದ ಜಾಗವನ್ನು ಮತ್ತೆ ಗೋಪುರಕ್ಕೆ ಮಾರಬೇಕಾದರೆ ನೆರಳೊಪ್ಪಿಗೆ ಬೇಕು. ಹೊಸ ಗೋಪುರದ ನೆರಳು ಯಾರ ಮನೆಯ ಮೇಲೆ ಬೀಳುತ್ತದೋ ಅವರೆಲ್ಲ ಹೆಬ್ಬೆಟ್ಟು ಒತ್ತಬೇಕು. ಎಲ್ಲರೂ ತಿಂಗಳೊಳಗೆ ಒತ್ತಿದರು, ನನ್ನದು ಉಳಿಯಿತು. ಸಾವಾದ ಮನೆಯ ಹೆಬ್ಬೆಟ್ಟನ್ನು ವರ್ಷದ ದಿನದವರೆಗೆ ಕೇಳಬಾರದು ಎಂಬುದು ನಮ್ಮಲ್ಲಿ ಪದ್ಧತಿ, ಕಾಯ್ದೆಯೂ ಅದನ್ನು ಒಪ್ಪುತ್ತದೆ. ಹೀಗಾಗಿ ನನ್ನ ಒಬ್ಬಳ ದುಃಖಕ್ಕೆ ಇಡೀ ಜಾಗ ಖಾಲಿ ನಿಂತಿತು. ಗೋಪುರದ ಹೆಂಗಸರು ಅಲ್ಲಿ ಮೆಣಸಿನಕಾಯಿ ಹರವಿದರು, ಕೌದಿ ಹಾಸಿದರು, ಮುದುಕರು ಕುರ್ಚಿ ಒಯ್ದು ಕೂತರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಒಮ್ಮೆ ರೇಣವ್ವ ಕೆಳಗಿನಿಂದ ಕೂಗಿ ಹೇಳಿದಳು, “ಪುಣ್ಯವಂತಿ ಅದೀ ಬಿಡಬೇ! ಬದಕಿದ್ದಾಗ ಕೊಡಲಾರದ ಬಿಸಲ ಸತ್ತ ಮ್ಯಾಲೆ ಕೊಟ್ಟ ನೋಡ ನಿನ್ನ ಗಂಡ!” ಅದು ಸುಳ್ಳಲ್ಲ. ಅವರು ಇದ್ದಿದ್ದರೆ ನಾವು ಮೊದಲ ವಾರವೇ ಹೆಬ್ಬೆಟ್ಟು ಒತ್ತುತ್ತಿದ್ದೆವು. ನಿಮಗೆ ಯಾರೂ ಸಾಯದೆಯೇ ಬಿಸಿಲು ಬಂತು. ನನ್ನ ಕಿಚ್ಚು ಎಲ್ಲಿಂದ ಬಂತು ಎಂದು ಈಗ ತಿಳಿಯಿತಲ್ಲ.

ಇಂದು ಕೌದಿ ಬಿಚ್ಚಿದಾಗ ಅದರ ಮಡಿಕೆಯಲ್ಲಿ ಅವರ ಪಾಳಿ ಪುಸ್ತಕ ಸಿಕ್ಕಿತು. ಎಲ್ಲ ಮನೆಗಳ ಮುಂದೆ ಹನ್ನೆರಡು. ರೇಣವ್ವನ ಮನೆಯ ಮುಂದೆ ಹದಿನಾಲ್ಕು. ನಮ್ಮ ಮನೆಯ ಮುಂದೆ ಹತ್ತು. ಹತ್ತೊಂಬತ್ತು ವರ್ಷ ಹಾಗೇ ಇದೆ. ನನ್ನ ಗಡಿಯಾರ ಸರಿಯಾಗಿಯೇ ಇತ್ತು.

ಪುಸ್ತಕ ಹಿಡಿದು ಮೇಲೆ ಹೋದೆ. ರೇಣವ್ವ ಅಕ್ಕಿ ಆರಿಸುತ್ತಿದ್ದಳು.

“ಯಾಕಬೇ ಇಂದೂ, ಮಾರಿ ಹಂಗ ಕೆಂಪ ಮಾಡ್ಕೊಂಡ ಬಂದೀ? ಲಿಫ್ಟ ಬಂದ್ ಬಿದ್ದೈತೇನ?”

“ಹತ್ತೊಂಬತ್ತ ವರ್ಷ ನನ್ನ ಎರಡ ಮಿನಿಟ ತಿಂದೀದಿ ನೀ,” ಎಂದೆ.

ಅವಳು ಪುಸ್ತಕವನ್ನು ದೂರ ಹಿಡಿದು ಓದಿದಳು. ಆಮೇಲೆ ನಕ್ಕಳು. “ನಾ ಒಬ್ಬಾಕೀನ ತಿಂದೇನ? ‘ಅಂದಾನಪ್ಪಾ, ಬಿಸಲ ಸಾಲವಲ್ದು, ಸಂಡಿಗಿ ಒಳಗ ಹಸಿ ಉಳದು ಬೂಸರ ಬರಾಕತ್ತೈತಿ’ ಅಂದಿದ್ದೆ ಒಂದ ಸಲ. ಅಷ್ಟ. ಮರುದಿನದಿಂದ ಜಾಸ್ತಿ ಬಂತು. ಯಾರ ಪಾಲಿಂದು ಅಂತ ನಾ ಕೇಳಲಿಲ್ಲ, ಅವ ಹೇಳಲಿಲ್ಲ. ಒಣಗಿದ ಸಂಡಿಗಿ ಯಾರ ಮನೀಗೆ ಬರ್ತಿದ್ವು ಹೇಳ? ನಿನ್ನ ಗಂಡ ಕರುಂ ಕರುಂ ತಿನ್ನೂ ಸಪ್ಪಳಾ ಈ ಒಂಬತ್ತಕ್ಕ ಕೇಳತಿತ್ತು!”

ನನ್ನದೇ ಎರಡು ನಿಮಿಷ ಒಣಗಿ ನನ್ನದೇ ಎಣ್ಣೆಯಲ್ಲಿ ಅರಳಿ ನನ್ನ ಕೈಯಿಂದಲೇ ಅವರ ತಟ್ಟೆಗೆ ಬೀಳುತ್ತಿತ್ತು. ನಾನೊಬ್ಬಳೇ ತಿನ್ನದೆ ಉಳಿದವಳು. ರೇಣವ್ವ ಒಳಗೆ ಹೋಗಿ ಡಬ್ಬಿ ತಂದಳು. “ಈ ವರ್ಷದ್ದು ಬಯಲಾಗ ಒಣಗಿಸಿದ್ದು, ನಿನ್ನ ಪಾಲಿಂದಲ್ಲ. ನಾಳೆ ಅವಗ ಎಡಿ ಹಿಡಿಯಾಕ ಬೇಕಲ್ಲ, ಒಯ್ಯಿ,” ಎಂದಳು. ಡಬ್ಬಿ ಹಿಡಿದುಕೊಂಡು ಬಂದೆ.

ಪುಸ್ತಕದ ಕೊನೆಯ ಪುಟದಲ್ಲಿ ನಮ್ಮವರ ಪೆನ್ಸಿಲಿನ ಗೆರೆಗಳಿದ್ದವು. ಎದುರಿನ ಗೋಪುರಕ್ಕೆ ಒಂದು ಚೌಕ, ನಮ್ಮ ಕಿಟಕಿಗೆ ಒಂದು ಚುಕ್ಕೆ. ಕೆಳಗೆ ಬರೆದಿದ್ದರು: ‘ಇದು ಇಪ್ಪತ್ತೆರಡು ಫೂಟು ಉತ್ತರಕ್ಕೆ ಇದ್ದಿದ್ದರೆ ಇಂದೂನ ಅಡುಗೆಮನೆಗೆ ಬೆಳಿಗ್ಗೆ ಒಂದು ತಾಸು.’ ಅದನ್ನು ಯಾರಿಗೆ ಕೇಳಬೇಕು ಎಂದು ಅವರಿಗೆ ತಿಳಿದಿರಲಿಲ್ಲ, ಮಡಚಿ ಇಟ್ಟುಬಿಟ್ಟಿದ್ದರು.

ನೆರಳು ಕಚೇರಿಯ ನಾಗವೇಣಿ ಬಂದಾಗ ನಾನು ಕೇಳಿದೆ. ಹೆಬ್ಬೆಟ್ಟಿನ ಜೊತೆ ಒಂದು ಕರಾರು ಬರೆಸುವ ಹಕ್ಕು ಪ್ರತಿ ಮನೆಗೂ ಇದೆ. “ಹೊಸಾ ಗೋಪುರ ಇಪ್ಪತ್ತೆರಡ ಫೂಟ ಉತ್ತರಕ್ಕ ಸರಸ್ರಿ ಅಂತ ಬರಸ್ಲೇನ?”

“ಬರಸ್ರಿ ಇಂದಕ್ಕಾರ, ಒಲ್ಲೆ ಅನ್ನಾಕ ಬರಂಗಿಲ್ರಿ. ಆದ್ರ ಉತ್ತರಕ್ಕ ಇನ್ನೊಂದು ಗೋಪುರ ಐತಲ್ರಿ, ಜಾಗಾ ಎಲ್ಲೈತಿ. ಮಹಡಿಗೆ ಒಂದ ಮನಿ ಕಡಿಮಿ ಮಾಡಬೇಕಾಕ್ಕೈತಿ. ಅರವತ್ತ ಮಹಡಿ. ಮುನ್ನೂರಾ ಅರವತ್ತ ಮನಿ ಇದ್ದದ್ದು ಮುನ್ನೂರಕ್ಕ ಬರತಾವ್ರಿ.”

ಆ ಮನೆಗಳು ಯಾರಿಗೆಂದು ಎಲ್ಲರಿಗೂ ಗೊತ್ತು. ಸಮುದ್ರ ಏರಿ ಊರು ಕಳೆದುಕೊಂಡವರು ಏಳು ವರ್ಷದಿಂದ ಸ್ಟೇಷನ್ನಿನ ಹಿಂದೆ ತಗಡಿನ ಶೆಡ್ಡುಗಳಲ್ಲಿದ್ದಾರೆ. ಮನೆ ಹಂಚುವುದು ಅವರ ಪಟ್ಟಿಯ ನಂಬರಿನಂತೆ. ನಾಗವೇಣಿಯೂ ಅಲ್ಲಿಯವಳೇ. “ನಿಮ್ಮದ ಎಷ್ಟನೇ ನಂಬರ?” ಎಂದು ಕೇಳಿದೆ.

ಅವಳು ಚೀಲದ ಗುಂಡಿ ಹಾಕಿಕೊಳ್ಳುತ್ತ ಹೇಳಿದಳು. “ನಮ್ಮವ್ವನ ಹೆಸರಿಲೆ ಐತ್ರಿ. ಮುನ್ನೂರಾ ಎಂಟು. ಅದನ್ನ ನೋಡಬ್ಯಾಡ್ರಿ ನೀವು. ನಿಮ್ಮ ಹೆಬ್ಬಟ್ಟ ನಿಮ್ಮದು.”

ಅವಳು ಹೋದ ಮೇಲೆ ಬಯಲಿನಲ್ಲಿ ಹಾಕಿದ್ದ ಕೌದಿಯನ್ನು ತಂದು ಮಡಚಿದೆ. ಇನ್ನೂ ಬೆಚ್ಚಗಿತ್ತು. ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಇಪ್ಪತ್ತೆರಡು ಫೂಟು ನನಗೆ ಬೇಕು. ಬೇಡ ಎಂದು ಬರೆದರೆ ಸುಳ್ಳಾಗುತ್ತದೆ. ಆ ಗೋಪುರದಲ್ಲಿ ಅರವತ್ತನೆಯ ಮಹಡಿಗೆ ಹೋಗುವವರ ಮೇಲೆ ಈಗಲೇ ನನಗೆ ಕಿಚ್ಚು ಶುರುವಾಗಿದೆ. ಆದರೆ ಇವರು ತಮ್ಮ ಮನೆಯ ಎರಡು ನಿಮಿಷ ಕೊಟ್ಟರೇ ಹೊರತು ಮೂರನೆಯವರದನ್ನು ಕಿತ್ತು ಕೊಡಲಿಲ್ಲ. ಪುಸ್ತಕವನ್ನು ಎರಡು ಸಲ ನೋಡಿದೆ, ಬೇರೆ ಯಾರ ಮುಂದೆಯೂ ಹನ್ನೊಂದು ಇಲ್ಲ. ಮುನ್ನೂರಾ ಎಂಟನೆಯವಳಿಂದ ಕಿತ್ತುಕೊಂಡ ಬಿಸಿಲಿನಲ್ಲಿ ನಾನು ಅವರ ಕೌದಿ ಹೇಗೆ ಒಣಗಿಸಲಿ. ಕರಾರಿನ ಜಾಗದಲ್ಲಿ ನಾಳೆ ಗೆರೆ ಎಳೆದು ಹೆಬ್ಬೆಟ್ಟು ಒತ್ತುತ್ತೇನೆ.

ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ನೀವು ಬೋರ್ಡು ಬರೆಯುವವರು, ಪಾಯಕ್ಕೆ ದಾರ ಹಿಡಿಯುವ ಮೇಸ್ತ್ರಿ ಬೇರೆ ಎಂದು ನನಗೆ ಗೊತ್ತು. ಆದರೂ ಅವರಿಗೆ ಹೇಳಿ. ನಿಮ್ಮ ಕಾಲದಲ್ಲಿ ಉತ್ತರಕ್ಕೆ ಬಯಲಿದೆ, ಯಾರ ಮನೆಯೂ ಕಡಿಮೆಯಾಗುವುದಿಲ್ಲ. ಗೂಟ ಕಿತ್ತು ಇಪ್ಪತ್ತೆರಡು ಫೂಟು ಆಚೆ ಬಡಿದರೆ ಮುಗಿಯಿತು. ಗೋಪುರ ಕಟ್ಟಬೇಡಿ ಎನ್ನುವುದಿಲ್ಲ, ಜನರಿಗೆ ಮನೆ ಬೇಕು. ದಾರ ಹಿಡಿಯುವ ಮೊದಲು ಒಂದು ಬೆಳಿಗ್ಗೆ ಅಲ್ಲಿ ಒಂದು ಕೌದಿ ಹಾಸಿ ಕೂತು ನೋಡಿ ಎಂದು ಹೇಳಿ. ಮಾರುತ್ತಿರುವುದು ಏನನ್ನು ಎಂದು ಬೆನ್ನಿಗೆ ಗೊತ್ತಾಗುತ್ತದೆ.

ಹಿಂದಕ್ಕೆ ಹೋಗುವ ಅಂಚೆ ಇಲ್ಲ. ಈ ಕಾಗದವನ್ನು ರೇಣವ್ವನ ಡಬ್ಬಿ ಖಾಲಿಯಾದ ಮೇಲೆ ಅದರಲ್ಲಿಟ್ಟು, ನಿಮ್ಮ ಬೋರ್ಡು ಸಿಕ್ಕ ಕುಣಿಯಲ್ಲಿ ಹುಗಿಯುತ್ತೇನೆ. ಅಲ್ಲಿಯ ಮಣ್ಣಿಗೆ ನಿಮ್ಮ ಗುರುತಿದೆ.

ನೀವು ಕೇಳಿದ ಕ್ಷಮೆಗೆ ಇಷ್ಟು ವರ್ಷ ಯಾರೂ ಉತ್ತರ ಕೊಟ್ಟಿರಲಿಲ್ಲ. ಎರಡನೆಯ ಮಹಡಿಯ ನಾಲ್ಕನೆಯ ಮನೆಯ ಮಧ್ಯವರ್ತಿ ಇಂದುಮತಿ ಕ್ಷಮಿಸಿದ್ದಾಳೆ. ಕಿಚ್ಚು ಹೋಗಿಲ್ಲ, ಅದು ಬೇರೆ.

ನಾಗವೇಣಿ ನಾಳೆ ಹತ್ತು ಗಂಟೆಗೆ ಬರುತ್ತಾಳೆ. ಬಿಸಿಲು ಒಂಬತ್ತೂ ಐವತ್ತರವರೆಗೆ ಇರುತ್ತದೆ.