ಭಾಗ್ಯಜ್ಯೋತಿಯ ಕೇರ್ ಪ್ಲಾನ್

ಮಾರ್ಚ್ ೩, ಮಂಗಳವಾರ

ಇವತ್ತೂ ಜೋಡಿ ಸ್ಟೆತಸ್ಕೋಪ್. ಒಂದು ಕೊನೆ ಭಾಗ್ಯಜ್ಯೋತಿಯ ಕಿವಿಗೆ, ಇನ್ನೊಂದು ನನ್ನ ಕಿವಿಗೆ. ಬಿಪಿಯ ಶಬ್ದ ಶುರುವಾದಾಗ ಅವಳ ಭುಜ ತಟ್ಟುತ್ತೇನೆ, ನಿಂತಾಗ ಮತ್ತೊಮ್ಮೆ. ಇಳಕಲ್ಲಿನ ಹುಡುಗಿ, ನಮ್ಮ ನರ್ಸಿಂಗ್ ಸ್ಕೂಲಿನಲ್ಲಿ ಮೊದಲ ವರ್ಷ. ಎಡಗಿವಿ ಕೇಳದು, ಬಲಗಿವಿ ಮಂದ. ಹತ್ತಕ್ಕೆ ಹತ್ತು ಸರಿ ಬರೆದಳು. ಹಿಗ್ಗಿದೆ.

ಪ್ರಿನ್ಸಿಪಾಲರು ಕರೆಸಿದರು. "ಹದಿನೇಳಕ್ಕ ಪ್ರಾಕ್ಟಿಕಲ್. ಫೇಲಾದ್ರ ಮನಿಗೆ ಕಳಸೂದ ನೋಡ್ರಿ ಮುಮ್ತಾಜ. ಕಿವಿ ಕೇಳದಾಕಿ ವಾರ್ಡಿನ್ಯಾಗ ಏನ್ ಮಾಡ್ತಾಳ?"

ಉರಿದುಹೋಯಿತು. ಪಾಸು ಮಾಡಿಸಿಯೇ ತೋರಿಸುತ್ತೇನೆ.

ಮಾರ್ಚ್ ೫, ಗುರುವಾರ

ಕ್ಲಾಸಿನಲ್ಲಿ ಸೆಲ್ಫ್ ಕೇರ್ ಥಿಯರಿ ಪಾಠ ಮಾಡಿದೆ. ರೋಗಿಯ ಕೈಲಾಗದ್ದನ್ನಷ್ಟೇ ನರ್ಸ್ ಮಾಡಬೇಕು, ಕೈಲಾಗುವುದನ್ನು ರೋಗಿಗೇ ಬಿಡಬೇಕು. ಮನೆಗೆ ಬಂದು, ರೋಗಿಗಳಿಗೆ ಬರೆಯುವ ಹಾಗೆ, ಭಾಗ್ಯಜ್ಯೋತಿಯ ಹೆಸರಿನಲ್ಲೂ ಒಂದು ಕೇರ್ ಪ್ಲಾನ್ ಬರೆದೆ: ಅವಳಿಗಾಗಿ ನಾನು ಏನೇನು ಮಾಡಬೇಕೆಂದು. ಎರಡು ಪುಟ! ರೋಜಾ ಉಪವಾಸದ ದಣಿವೂ ಗೊತ್ತಾಗಲಿಲ್ಲ.

ಮಾರ್ಚ್ ೬, ಶುಕ್ರವಾರ

ಸ್ಕೂಲಿನಲ್ಲಿ ನನ್ನ ಟೇಬಲ್ ಮೇಲಿದ್ದ ಪ್ಲಾನ್ ಅವಳ ಕಣ್ಣಿಗೆ ಬಿತ್ತು. ನಿಧಾನವಾಗಿ ಓದಿದಳು.

"ಮೇಡಂ, ನಾ ಪೇಶಂಟ್ ಏನ್ರಿ?"

"ಹಂಗಲ್ಲವ್ವಾ..."

"ನೀವು ಮಾಡೂದು ಎರಡು ಪಾನು ಐತಿ. ನಾ ಮಾಡೂದು ಒಂದ ಸಾಲೂ ಇಲ್ಲ. ನಾ ಏನೂ ಕೇಳಸ್ಕೊಂಡಿಲ್ರಿ. ನೀವು ತಟ್ಟಿದ್ದನ್ನಷ್ಟ ಬರದೇನಿ. ಶಬ್ದ ಏರಸೂ ಸ್ಟೆತಸ್ಕೋಪ್ ಕಪಾಟಿನ್ಯಾಗ ಐತಲ್ರಿ, ಅದನ್ನ ಕೊಡ್ರಿ. ನೀವು ಹೊರಗಿರ್ರಿ."

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಆ ಕಪಾಟಿನ ಬೀಗದ ಕೈ ಒಂದು ವರ್ಷದಿಂದ ನನ್ನ ಬಳಿಯೇ ಇದೆ. ನಾಚಿಕೆಯಾಯಿತು. ಸಿಟ್ಟೂ ಬಂತು.

ಮಾರ್ಚ್ ೧೨, ಗುರುವಾರ

ಕಪಾಟಿನಿಂದ ತೆಗೆದುಕೊಟ್ಟ ಸ್ಟೆತಸ್ಕೋಪ್ ಹಿಡಿದು, ಬಾಗಿಲು ಹಾಕಿಕೊಂಡು ಗೆಳತಿಯರ ಬಿಪಿ ನೋಡುತ್ತಾಳೆ. ಹತ್ತರಲ್ಲಿ ನಾಲ್ಕು ಸರಿ. ಉಳಿದದ್ದು ಐದೇ ದಿನ. ನಾನು ಹೊರಗೆ, ಕಾರಿಡಾರಿನಲ್ಲಿ. ಒಳಗೆ ಹೋಗಿ ತಟ್ಟಿಬಿಡಲೇ... ಹೋಗಲಿಲ್ಲ.

ಮಾರ್ಚ್ ೧೬, ಸೋಮವಾರ

ಹತ್ತರಲ್ಲಿ ಏಳು.

ಮಾರ್ಚ್ ೧೭, ಮಂಗಳವಾರ. ಸಂಜೆ ೪

ಪರೀಕ್ಷೆಯ ರೋಗಿ ಬೇವೂರಿನ ಸಕ್ರವ್ವ. ಬೆಳಿಗ್ಗೆಯೇ ಅವಳ ಬಿಪಿ ನೋಡಿಟ್ಟಿದ್ದೆ: ಮೇಲಿನದು ನೂರಾ ಮೂವತ್ತು. ಹೊರಗಿನ ಪರೀಕ್ಷಕರು ಗಡಿಯಾರ ನೋಡುತ್ತ ನಿಂತಿದ್ದರು. ಸಕ್ರವ್ವನದು ಒಂದೇ ಸಮನೆ ಮಾತು.

"ಯವ್ವಾ, ಒಂದೀಟು ಸುಮ್ಕ ಕುಂದ್ರು," ಎಂದಳು ಭಾಗ್ಯಜ್ಯೋತಿ. ಗಾಳಿ ತುಂಬಿದಳು. ಇಳಿಸಿದಳು. ತಲೆಯಾಡಿಸಿ ಮತ್ತೆ ತುಂಬಿದಳು.

ನನ್ನಿಂದ ತಡೆಯಲಾಗಲಿಲ್ಲ. ಪರೀಕ್ಷಕರ ಬೆನ್ನ ಹಿಂದೆ ಮೂರು ಬೆರಳು ಎತ್ತಿದೆ, ನೂರಾ ಮೂವತ್ತು ಎಂದು. ಕಂಡಳು. ನನಗೆ ಬೆನ್ನು ಮಾಡಿ ನಿಂತಳು.

"ನೂರಾ ಐವತ್ತು, ತೊಂಬತ್ತು ಸರ್."

ತಪ್ಪಿದಳು ಎಂದುಕೊಂಡೆ. ಪರೀಕ್ಷಕರು ತಾವೇ ನೋಡಿದರು. ನೂರಾ ಐವತ್ತು, ತೊಂಬತ್ತು. ಬೆಳಗಿನಿಂದ ಕೂತು ಕೂತು ಮುದುಕಿಗೆ ಬಿಪಿ ಏರಿತ್ತು. ನನಗದು ಹೊಳೆಯಲೇ ಇಲ್ಲ.

ಹೊರಗೆ ಬಂದು ಕೇಳಿದಳು: "ಯಾಕ ಅಷ್ಟ ಅಂಜಿದ್ರಿ ಮೇಡಂ?"

"ನಿನ್ನ ಸಲುವಾಗಿ," ಎಂದೆ. ಸುಳ್ಳು. ಅವಳು ನನ್ನ ಹಂಗಿಲ್ಲದೆ ಪಾಸಾಗಿಬಿಟ್ಟರೆ ನಾನು ಯಾತಕ್ಕೆ ಬೇಕು ಎಂದು ಅಂಜಿದ್ದೆ.