ಬಾಟಲಿ ನೀರಿನ ತೀರ್ಥ

ನೆರೆ ಪರಿಶೀಲನೆಗೆಂದು ನಮ್ಮೂರಿಗೆ ಬಂದುಹೋದ ಮಾನ್ಯ ಅಧಿಕಾರಿಗಳೇ,

ತಾವು ಹೊಳೆಗೆ ಬಾಗಿನ ಬಿಟ್ಟು ಹೋದ ಮೂರನೆಯ ದಿನಕ್ಕೆ ನಮ್ಮ ಓಣಿಯ ಹನ್ನೊಂದು ಜನ ವಾಂತಿಭೇದಿಯಿಂದ ಮಲಗಿದರು. ನನ್ನ ಅತ್ತಿಗೆ ವಿರೂಪಮ್ಮ ಇನ್ನೂ ಸಿರುಗುಪ್ಪದಲ್ಲಿ ಆಸ್ಪತ್ರೆಯ ಹಾಸಿಗೆ ಹಿಡಿದಿದ್ದಾಳೆ. ತಮ್ಮ ವರದಿಯಲ್ಲಿ ಇದರ ಸುದ್ದಿಯೇ ಇಲ್ಲವಂತೆ. ಬಾಗಿನದ ಸೀರೆಯ ಬಣ್ಣ ಮಾತ್ರ ತಪ್ಪಿಲ್ಲದೆ ಬರೆದಿದೆಯಂತೆ.

ನಡೆದದ್ದನ್ನು ಹೇಳುತ್ತೇನೆ, ಕೇಳಿ. ತುಂಗಭದ್ರೆ ಊರೊಳಗೆ ಬಂದವಳು ಕುಡಿಯುವ ನೀರಿನ ಬೋರ್‌ವೆಲ್ಲಿನ ಮೇಲೆ ನಾಲ್ಕು ದಿನ ನಿಂತಿದ್ದಳು. ತಿಪ್ಪೆ, ಪಾಯಖಾನೆ ಗುಂಡಿ, ಸತ್ತ ಕುರಿ ಎಲ್ಲವನ್ನೂ ತೊಳೆದುಕೊಂಡು ಬಂದ ನೀರು ಅದು. ಆ ಬೋರ್‌ವೆಲ್ಲಿನಿಂದ ಬರುವ ನಲ್ಲಿ ನೀರನ್ನು ಕುದಿಸದೆ ಕುಡಿಯಬೇಡಿ ಎಂದು ಆಶಾ ಕಾರ್ಯಕರ್ತೆ ನಾಗಲಕ್ಷ್ಮಿ ಮನೆಮನೆಗೆ ಹೋಗಿ ಕೈಮುಗಿದಳು. ಹಸಿ ಕಟ್ಟಿಗೆ ಊದಿ ಕಣ್ಣು ಕೆಂಪಾದರೂ ಹೆಂಗಸರು ಕುದಿಸಿದರು.

ಆಗ ತಾವು ದಯಮಾಡಿಸಿದಿರಿ. ಬಾಗಿನ ಬಿಟ್ಟು, ಕ್ಯಾಮೆರಾದ ಮುಂದೆ ಒಂದು ಬೊಗಸೆ ತೀರ್ಥ ಕುಡಿದು, ಗಂಗಮ್ಮನ ನೀರಿಗೆ ದೋಷವಿಲ್ಲ ಎಂದು ಅಪ್ಪಣೆ ಕೊಟ್ಟಿರಿ. ತಮ್ಮ ತಲೆಗೆ ಕೊಡೆ ಹಿಡಿದಿದ್ದವನು ನಾನು. ತಮ್ಮ ಜವಾನ ಆ ಬೊಗಸೆಗೆ ಬಾಟಲಿಯಿಂದ ನೀರು ಸುರಿದದ್ದನ್ನು ನೋಡಿದೆ.

ಅಂದೇ ಒಲೆಗಳು ಆರಿದವು.

"ಯಾಕಕ್ಕಾ, ನೀರು ಕುದಿಸಾದು ಬಿಟ್ರಿ?" ಎಂದಳು ನಾಗಲಕ್ಷ್ಮಿ.

"ಸಾಹೇಬ್ರು ಹೊಳಿ ನೀರ ಕುಡದಾರ, ನಲ್ಲಿ ನೀರಿಗೆ ಏನಾಗೇತಿ? ನೀ ಏನು ಅವರಿಗಿಂತ ಜಾಸ್ತಿ ಓದೀಯೇನವ್ವಾ?" ಎಂದಳು ವಿರೂಪಮ್ಮ.

"ಅವರು ಕುಡದು ಜೀಪು ಹತ್ತಿ ಹೋದ್ರು. ನೀವು ಕುಡದು ಎಲ್ಲಿಗಿ ಹೋಗ್ತೀರಿ?"

ಓಣಿ ನಕ್ಕಿತು. ನಾನೂ ನಕ್ಕೆ, ಮಾನ್ಯರೇ. ಗೊತ್ತಿದ್ದೂ ನಕ್ಕೆ.

ರೋಗಕ್ಕೆ ಜನರ ಅಜಾಗರೂಕತೆಯೇ ಕಾರಣ ಎಂದು ತಮ್ಮ ಕಚೇರಿ ಹೇಳುತ್ತಿದೆ. ಅಧಿಕಾರಿಯ ಮಾತು ನಂಬುವುದೇ ಅಜಾಗರೂಕತೆಯಾದರೆ, ತಾವು ಬರುವ ಮುನ್ನ ನಂಬಬೇಡಿ ಎಂದು ಊರಲ್ಲಿ ಡಂಗುರ ಹೊಡೆಸಬಾರದಿತ್ತೇ?

ಗುರುವಾರ ವಿರೂಪಮ್ಮನನ್ನು ಮನೆಗೆ ಕಳಿಸುತ್ತಾರೆ. ಅಷ್ಟರೊಳಗೆ ಬೋರ್‌ವೆಲ್ ನೀರು ಪರೀಕ್ಷೆಯಾಗಬೇಕು, ಟ್ಯಾಂಕು ತೊಳೆಸಬೇಕು, ಅಲ್ಲಿಯವರೆಗೆ ಟ್ಯಾಂಕರ್ ಬರಬೇಕು. ಜೊತೆಗೆ, ಕುಡಿದದ್ದು ಬಾಟಲಿ ನೀರೆಂದು ತಾವೇ ಬಾಯಿಬಿಟ್ಟು ಹೇಳಬೇಕು. ನಾನು ಹೇಳಿ ನೋಡಿದೆ. "ಅಷ್ಟು ದೊಡ್ಡ ಮನಷ್ಯಾ ಸುಳ್ಳ್ಯಾಕ ಹೇಳ್ತಾನ, ಹೋಗಪ್ಪ" ಎಂದು ಅತ್ತಿಗೆ ಸಲೈನ್ ಹಾಕಿದ ಕೈಯನ್ನೇ ಎತ್ತಿ ನನ್ನನ್ನು ಗದರಿದಳು. ಮನೆಗೆ ಬಂದವಳು ಮತ್ತೆ ಅದೇ ನಲ್ಲಿಗೆ ಚೊಂಬು ಹಿಡಿಯುತ್ತಾಳೆ.

ಇಂತಿ,
ಹೇಳಬೇಕಾದಾಗ ಹೇಳದೆ ಈಗ ಬರೆಯುತ್ತಿರುವ
ಜಡೆಪ್ಪ