ತಿಥಿಯ ದಿನ ಬಂದ ಕೇಕು

ಕ್ರೋಂಪೇಟೆ
12 ಆಗಸ್ಟ್ 2003

ಪ್ರೀತಿಯ ಶಾರದಕ್ಕ,

ಕಣ್ಣಿನ ಪಟ್ಟಿ ಬಿಚ್ಚಿ ಮೂರು ವಾರವಾಯಿತು. ಇವತ್ತಿನಿಂದ ಓದಬಹುದು, ಬರೆಯಬಹುದು ಅಂದರು ಡಾಕ್ಟರು. ಮೊದಲ ಕಾಗದ ನಿಮಗೇ. ಮೈಲಾಪೂರು ಏನು ಮಹಾ ದೂರವೇ, ಬಂದು ಹೇಳಬಾರದಿತ್ತೇ ಅನ್ನುತ್ತೀರಿ. ಎದುರಿಗೆ ನಿಂತರೆ ಅಳು ಬಂದುಬಿಡುತ್ತದೆ ಅಕ್ಕಾ, ಅದಕ್ಕೇ.

ನಮ್ಮ ಚರ್ಚಿನ ಸಭೆಯಲ್ಲಿ ಒಂದು ಪದ್ಧತಿಯಿದೆ. ಹೊಸ ವರ್ಷದ ದಿನ ಪ್ರತಿಯೊಬ್ಬರೂ ಒಬ್ಬ ಸ್ನೇಹಿತರ ಹೆಸರು, ವಿಳಾಸ ಚೀಟಿಯಲ್ಲಿ ಬರೆದುಕೊಟ್ಟು, ಅವರು ಯೇಸುವನ್ನು ನಂಬಲಿ ಅಂತ ವರ್ಷವಿಡೀ ಪ್ರಾರ್ಥಿಸಬೇಕು. ಡಿಸೆಂಬರಿನಲ್ಲಿ ಎದ್ದು ನಿಂತು ಏನಾಯಿತು ಅಂತ ಹೇಳಬೇಕು. ನಾಲ್ಕು ವರ್ಷವೂ ನಾನು ಬರೆದದ್ದು ಬ್ಯಾಂಕಿನಲ್ಲಿ ನನ್ನ ಪಕ್ಕದ ಕುರ್ಚಿಯ ನಿಮ್ಮ ಹೆಸರೇ. ಮೂರು ವರ್ಷ "ಇನ್ನೂ ಇಲ್ಲ" ಅಂದು ತಲೆ ತಗ್ಗಿಸಿ ಕೂತೆ.

ನಾಲ್ಕನೇ ವರ್ಷ ನಿಮ್ಮ ಮಗಳು ಮಾಧವಿಗೆ ಟೈಫಾಯ್ಡ್ ಆಯಿತಲ್ಲ, ಬ್ಯಾಂಕಿನ ಮೆಟ್ಟಿಲ ಮೇಲೆ ನನ್ನ ಕೈ ಹಿಡಿದು, "ನಿನ್ನ ದೇವರಿಗೂ ಒಂದು ಮಾತು ಹೇಳೇ ಕಲಾ" ಅಂದಿರಿ. ಹೇಳಿದೆ. ಜ್ವರ ಇಳಿಯಿತು. ನಡೆದದ್ದು ಅಷ್ಟೇ. ಡಿಸೆಂಬರಿನಲ್ಲಿ ಎದ್ದು ನಿಂತವಳು, ಅದ್ಯಾವ ಹುಚ್ಚೋ, "ಶಾರದಕ್ಕ ಯೇಸುವನ್ನು ನಂಬಿದರು" ಅಂದುಬಿಟ್ಟೆ. ಅಬ್ಬಾ, ಏನು ಚಪ್ಪಾಳೆ!

ಆ ಚಪ್ಪಾಳೆಯೇ ವ್ಯಾನು ಹತ್ತಿ ನಿಮ್ಮ ಮನೆಗೆ ಬಂತು. ನನಗೂ ಹೇಳದೆ ಎಂಟು ಜನ ಕೇಕು, ಹೊಸ ಬೈಬಲ್ಲು ಹಿಡಿದು ಹೊರಟರು. ಅವತ್ತೇ ನಿಮ್ಮ ಮಾವನವರ ತಿಥಿ. ಎಲೆಯ ಮುಂದೆ ಪುರೋಹಿತರು, ಬಾಗಿಲಲ್ಲಿ ನಮ್ಮವರ "ಸ್ತೋತ್ರಂ ಅಕ್ಕಾ!" ನಿಮ್ಮ ಅತ್ತೆ ಅವತ್ತು ಊಟವನ್ನೇ ಮಾಡಲಿಲ್ಲವಂತೆ. ನಿಮ್ಮ ಯಜಮಾನರು ತಿಂಗಳುಗಟ್ಟಲೆ ಸರಿಯಾಗಿ ಮಾತಾಡಲಿಲ್ಲವಂತೆ. ಬಂದವರಿಗೆ ಮಾತ್ರ, "ಯಾರೋ ತಪ್ಪು ಹೇಳಿದ್ದಾರೆ" ಅಂತ ಕೈಮುಗಿದು ಕಳಿಸಿದಿರಿ. ನನ್ನ ಹೆಸರೆತ್ತಲಿಲ್ಲ.

ಸೋಮವಾರ ನನಗೆ ಹೇಳಿದ್ದು ಒಂದೇ ಮಾತು: "ನಿನ್ನ ದೇವರಿಗೇ ಇಲ್ಲದ ಅವಸರ ನಿನಗ್ಯಾಕೆ ಬಂತೇ?" ಆಮೇಲೆ ಕುರ್ಚಿ ಬದಲಾಯಿಸಿಕೊಂಡಿರಿ.

ಮುಂದಿನ ಭಾನುವಾರ ಸಭೆಯಲ್ಲಿ ಎದ್ದು, ನಾನು ಸುಳ್ಳು ಹೇಳಿದೆ ಅಂದೆ. ಮಾನ ಹೋಯಿತು, ಹೋಗಲಿ. ಮನೆಗೆ ಬಂದು ಮೊಣಕಾಲೂರಿ, "ಅಪ್ಪಾ, ಹೇಳುವುದಷ್ಟೇ ನನ್ನ ಪಾಲು. ಅಕ್ಕನ ಮನಸ್ಸು ನಿನಗೆ ಬಿಟ್ಟದ್ದು, ಇನ್ನು ಕೈಹಾಕುವುದಿಲ್ಲ" ಅಂದೆ. ಮನಸ್ಸು ಹಗುರವಾಯಿತು. ಆದರೆ ನೀವಿಲ್ಲದೆ ಮಧ್ಯಾಹ್ನದ ಊಟದ ಡಬ್ಬಿ ಅರ್ಧಕ್ಕೇ ಮುಚ್ಚಿಡುತ್ತಿದ್ದೆ.

ಒಂದೂವರೆ ವರ್ಷ ಹೀಗೇ ಕಳೆಯಿತು. ಆಪರೇಷನ್ ಆದ ಮೂರನೇ ದಿನ ಆಸ್ಪತ್ರೆಯ ಮಂಚದ ಪಕ್ಕ ನಿಮ್ಮ ದನಿ. "ಕಣ್ಣು ಕಟ್ಟಿಕೊಂಡು ಬೇಜಾರಲ್ಲವೇನೇ? ಏನು ಓದಲಿ ಹೇಳು." ಬೈಬಲ್ಲಿನ ಒಂದು ಕೀರ್ತನೆ ಸಾಕು ಅಂದೆ. ಓದಿದಿರಿ. ನಾನು ಅತ್ತುಬಿಟ್ಟೆ. ಪಟ್ಟಿ ನೆನೆಯುತ್ತದೆ ಅಂತ ಗದರಿದಿರಿ. ಹತ್ತು ದಿನ ತಪ್ಪದೆ ಬಂದಿರಿ, ದಿನಕ್ಕೊಂದು ಕೀರ್ತನೆ.

ಕೊನೆಯ ದಿನ ನಾನು ನಿದ್ದೆ ಹೋದೆ ಅಂದುಕೊಂಡಿರಿ. ಆದರೂ ನಿಲ್ಲಿಸಲಿಲ್ಲ. ಪುಟ ತಿರುಗಿಸುತ್ತಾ, ಮೆಲ್ಲಗೆ, ನಿಮ್ಮ ಪಾಡಿಗೆ ನೀವು ಅರ್ಧ ಗಂಟೆ ಓದುತ್ತಲೇ ಇದ್ದಿರಿ. ನಾನು ಎಚ್ಚರವಾಗಿದ್ದೆ ಅಕ್ಕಾ. ಹಳೆಯ ಕಲಾವತಿಯಾಗಿದ್ದರೆ ಧಡಕ್ಕನೆ ಎದ್ದು, ನಂಬಿದಿರಾ ಅಂತ ಕೇಳಿಬಿಡುತ್ತಿದ್ದಳು. ನಾನು ಕೇಳಲಿಲ್ಲ. ಈಗಲೂ ಕೇಳುವುದಿಲ್ಲ, ನೀವೂ ಹೇಳಬೇಡಿ. ಅದು ನಿಮಗೂ ಆತನಿಗೂ ಬಿಟ್ಟ ಮಾತು. ನನ್ನ ಅಕ್ಕ ನನಗೆ ವಾಪಸ್ ಸಿಕ್ಕಳು, ಅದಕ್ಕೇ ಎಷ್ಟು ವಂದಿಸಿದರೂ ಸಾಲದು.

ನಿಮ್ಮ ಮನೆಯ ಮೇಲೆ ದೇವರ ಸಮಾಧಾನವಿರಲಿ. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ, ಅವರು ತೆಗೆದುಕೊಂಡರೆ.

ನಿಮ್ಮ ತಂಗಿ,
ಕಲಾವತಿ